ಎತ್ತಿಕೊಂಡು ಹೋಗುವ ಒಲೆ

ಅಡುಗೆಮನೆ ಒಡೆಯುವುದಕ್ಕೆ ಒಂದೂವರೆ ದಿನ ಸಾಕಾಯಿತು. ಕಟ್ಟುವುದಕ್ಕೆ "ಎರಡೇ ವಾರ ಸಾರ್" ಎಂದು ಮೇಸ್ತ್ರಿ ಎರಡು ಬೆರಳು ತೋರಿಸಿದ್ದ. ಮೇಸ್ತ್ರಿಗಳ ವಾರಕ್ಕೆ ಎಷ್ಟು ದಿನ ಎಂದು ಯಾರೂ ಕೇಳಬಾರದು, ಕೇಳಿದವರು ಉದ್ಧಾರವಾಗಿಲ್ಲ.

ಹಳೆಯ ಕಟ್ಟೆಗೆ ಮೊದಲ ಏಟು ಬಿದ್ದಾಗ ಟೈಲರಮ್ಮ ಅಂಗಡಿಗೆ ಹೋಗುವುದನ್ನೂ ಮರೆತು ಬಾಗಿಲಲ್ಲಿ ನಿಂತು ನೋಡಿದಳು. ಆ ಕಟ್ಟೆಯ ಮೇಲೆ ಅವಳಿಗೆ ಹತ್ತೊಂಬತ್ತು ವರ್ಷದ ಸಿಟ್ಟಿತ್ತು. ಮನೆ ಕಟ್ಟಿಸಿದಾಗ ಅಡುಗೆ ಮಾಡುತ್ತಿದ್ದವರು ಅತ್ತೆ. ಅತ್ತೆ ಎಂದರೆ ಬಾಗಿಲಲ್ಲಿ ನಿಂತರೆ ಬಾಗಿಲೇ ಚಿಕ್ಕದಾಗಿ ಕಾಣುವಂಥ ಹೆಂಗಸು. ಸೊಸೆಯಾಗಿ ಬಂದವಳು ಅವರ ಭುಜಕ್ಕೂ ಬರುತ್ತಿರಲಿಲ್ಲ. ಬಂದ ವಾರದಲ್ಲೇ "ಗಿಡ್ಡಿ" ಎಂಬ ಹೆಸರು ಸಿಕ್ಕಿತು, ಕಾಲ ಕೆಳಗೆ ಒಂದು ಮಣೆಯೂ ಸಿಕ್ಕಿತು. ಪಾತ್ರೆಯೊಳಗೆ ಏನಾಗುತ್ತಿದೆ ಎಂದು ನೋಡಬೇಕಾದರೆ ಮಣೆಯ ಮೇಲೂ ತುದಿಗಾಲಲ್ಲಿ ನಿಲ್ಲಬೇಕು, ಸೌಟು ಹಿಡಿದ ಕೈ ಕಿವಿಯ ಮಟ್ಟಕ್ಕೆ ಏಳಬೇಕು. ಒಮ್ಮೆ ಮಣೆ ಜಾರಿ ಕಾದ ಎಣ್ಣೆ ಮುಂಗೈ ಮೇಲೆ ಬಿದ್ದಿತ್ತು. ಈಗ ಎರಡು ವರ್ಷದಿಂದ ಬಲಭುಜ ಹಿಡಿದುಕೊಂಡು, ತಲೆ ಬಾಚಿಕೊಳ್ಳಲೂ ಮಗಳನ್ನು ಕರೆಯುವ ಹಾಗಾಗಿತ್ತು. "ಕೈ ಎತ್ತಿ ಮಾಡೋ ಕೆಲಸ ಬಿಡಿ. ಇಲ್ಲಾಂದ್ರೆ ಒಂದಿನ ಕತ್ತರಿ ಬಿಡಬೇಕಾಗುತ್ತೆ" ಎಂದು ಡಾಕ್ಟರು ಹೇಳಿಯಾಗಿತ್ತು. ಕತ್ತರಿ ಬಿಟ್ಟರೆ ಅವಳಿಗೆ ಉಳಿಯುವುದೇನು?

ಅದಕ್ಕೇ ಈ ರಿಪೇರಿ. ಅರ್ಧ ದುಡ್ಡು ಅವಳ ಹೊಲಿಗೆಯದು, ಅರ್ಧ ಗಂಡನದು. ಟೈಲ್ಸ್ ಬಣ್ಣ ಏನಾದರೂ ಇರಲಿ, ನಲ್ಲಿ ಎಲ್ಲಾದರೂ ಬರಲಿ, ಅವಳು ಕೇಳಿಕೊಂಡಿದ್ದು ಒಂದೇ ಒಂದು.

"ಕಟ್ಟೆ ನನ್ನ ಎತ್ತರಕ್ಕಿರಬೇಕು."

"ಆಯ್ತು ಕಣೇ, ಎಷ್ಟು ಸಲ ಹೇಳ್ತೀಯ?" ಎಂದ ಗಂಡ.

"ನೀವು ಒಂದು ಸಲ ಕೇಳಿಸ್ಕೊಳ್ಳೋ ತನಕ."

ಗ್ಯಾಸ್ ಒಲೆ ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ಮಂಚದ ಕೆಳಗೆ ಸೇರಿತು. ಟೈಲರಮ್ಮ ತನ್ನ ಅಂಗಡಿಯ ಬೀದಿಯಿಂದ ಒಂದು ಇಂಡಕ್ಷನ್ ಒಲೆ ತಂದಳು. ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದಾದಷ್ಟು ಹಗುರ, ಕಪ್ಪು ಗಾಜಿನ ಮುಖ, ಒತ್ತಿದರೆ ಕೀ ಎನ್ನುವ ಗುಂಡಿಗಳು. ನಡುಮನೆಯ ಕಿಟಕಿಯ ಪಕ್ಕದಲ್ಲಿ, ಮಗಳು ಚಿಕ್ಕವಳಾಗಿದ್ದಾಗ ಬರೆಯಲು ಕೂರುತ್ತಿದ್ದ ಮೇಜಿನ ಮೇಲೆ ಅದನ್ನು ಇಟ್ಟರು. ಅಲ್ಲಿಂದ ಶುರುವಾಯಿತು ರಾಮಾಯಣ.

ಮೊದಲನೆಯದು ಪಾತ್ರೆಗಳ ಜಗಳ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಈ ಒಲೆಗೆ ಒಪ್ಪಿಗೆ. ಕಾಲೇಜಿಗೆ ಹೋಗುವ ಮಗಳು ಫ್ರಿಜ್ಜಿನ ಬಾಗಿಲಿಂದ ಒಂದು ಅಯಸ್ಕಾಂತ ಕಿತ್ತುಕೊಂಡು ಬಂದು ಒಂದೊಂದೇ ಪಾತ್ರೆ ಬೋರಲು ಹಾಕಿ ಪರೀಕ್ಷೆ ಮಾಡಿದಳು. ಅತ್ತೆಯ ಕಾಲದ ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ ಎಲ್ಲ ಸಾಲಾಗಿ ಫೇಲಾದವು. ಪಾಸಾದದ್ದು ಒಂದು ಕುಕ್ಕರು, ಒಂದು ಬಾಣಲೆ.

"ಅಜ್ಜಿ, ನಿಮ್ಮದೊಂದೂ ನಡೆಯಲ್ಲ" ಎಂದಳು ಮೊಮ್ಮಗಳು, ಸ್ವಲ್ಪ ಖುಷಿಯಾಗಿಯೇ.

"ಒಳಗಿರೋ ಅನ್ನ ನೋಡೋದು ಬಿಟ್ಟು ಪಾತ್ರೆ ತಳ ನೋಡುತ್ತಲ್ಲ, ಅದೂ ಒಂದು ಒಲೇನೇ? ಬೆಂಕಿ ಇಲ್ಲ, ಉರಿ ಇಲ್ಲ. ಕಾಯಿಲೆಯವರ ಥರ ಕೀ ಕೀ ಅನ್ನುತ್ತೆ."

ಎರಡನೆಯದು ಕರೆಂಟಿನ ಜಗಳ. ಗಂಡ ಎಲೆಕ್ಟ್ರಿಷಿಯನ್. ಊರವರ ಮನೆಗೆಲ್ಲ ವೈರು ಎಳೆಯುವವನ ಮನೆಯಲ್ಲಿ ಗೀಸರ್ ಹಾಕಿ ಒಲೆ ಹಚ್ಚಿದರೆ ಫ್ಯೂಸು ಹೋಗುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೆಳಗ್ಗೆ ಆರೂವರೆಗೆ ಬಚ್ಚಲಿನಿಂದ ಗಂಡ ಕೂಗುವುದು, "ಒಲೆ ಆರಿಸೇ, ಸೋಪು ಮೆತ್ಕೊಂಡು ನಿಂತಿದೀನಿ!" ಇತ್ತ ಇವಳು, "ನೀವೇ ಗೀಸರ್ ಆರಿಸಿ, ಅನ್ನ ಅರ್ಧ ಬೆಂದಿದೆ!" ನಡುವೆ ಮಗಳು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು, "ನನಗೆ ಎರಡೇ ನಿಮಿಷ ಸಾಕು" ಎನ್ನುವುದು.

"ಬೇರೆ ಲೈನ್ ಎಳೀರಿ ಅಂತ ಮೂರು ವರ್ಷದಿಂದ ಹೇಳ್ತಿದೀನಿ."

"ಎಳೀತೀನಿ, ಟೈಮ್ ಬೇಡ್ವಾ?"

"ಊರಿಗೆಲ್ಲ ಇರೋ ಟೈಮು ಮನೆಗೆ ಮಾತ್ರ ಇಲ್ಲ."

ಇಷ್ಟೆಲ್ಲ ಗೋಳಿನ ನಡುವೆ ಟೈಲರಮ್ಮ ಒಂದು ವಿಷಯ ಗಮನಿಸಿದಳು. ನಾಲ್ಕನೆಯ ದಿನ ಅಂಗಡಿಯಲ್ಲಿ ಬಟ್ಟೆಯ ಉರುಳೆಯನ್ನು ಮೇಲಿನ ಕಪಾಟಿಗೆ ಇಟ್ಟಳು, ಇಟ್ಟ ಮೇಲೆ ಗೊತ್ತಾಯಿತು, ಬಲಗೈಯಲ್ಲಿ ಇಟ್ಟಿದ್ದಳು. ನೋವಿರಲಿಲ್ಲ. ನಡುಮನೆಯ ಮೇಜು ಅವಳ ಸೊಂಟದ ಮಟ್ಟಕ್ಕಿತ್ತು. ನಿಂತಲ್ಲಿಂದಲೇ ಅನ್ನ ಕುದಿಯುವುದು ಕಾಣುತ್ತಿತ್ತು, ಕೈ ತನ್ನ ಪಾಡಿಗೆ ತಾನು ಇಳಿಬಿಟ್ಟುಕೊಂಡೇ ಸೌಟು ಆಡಿಸುತ್ತಿತ್ತು. ಮದುವೆಯಾದಾಗಿನಿಂದ ಮೊದಲ ಸಲ ಅವಳು ತನ್ನ ಅಡುಗೆಯನ್ನು ಮೇಲಿಂದ ನೋಡುತ್ತಿದ್ದಳು. ಅಂದು ಸಂಜೆ ಅವಳು ಮಗಳನ್ನು ಕರೆಯದೆ ತಾನೇ ತಲೆ ಬಾಚಿಕೊಂಡಳು. ಎಷ್ಟು ಸಂತೋಷವಾಯಿತೆಂದರೆ ಅತ್ತೆ ಉಪ್ಪು ಹೆಚ್ಚಾಗಿದೆ ಎಂದದ್ದಕ್ಕೂ ನಕ್ಕಳು.

"ರೀ, ಮೇಸ್ತ್ರಿಗೆ ಎತ್ತರ ಹೇಳಿದ್ರಾ?" ಎಂದು ದಿನಾ ಕೇಳಿದಳು.

"ಎಲ್ಲಾ ಹೇಳಿದೀನಿ. ಆಗುತ್ತೆ."

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವನು ಎತ್ತಿದ ಕೈ. ಶಾಲೆ ಶುರುವಾಗುವ ಕಾಲವಾದ್ದರಿಂದ ಅವಳ ಅಂಗಡಿಯಲ್ಲಿ ಯೂನಿಫಾರಮ್ಮುಗಳ ರಾಶಿ ಬಿದ್ದಿತ್ತು. ಬೆಳಗ್ಗೆ ಎಂಟಕ್ಕೆ ಹೋದರೆ ಬರುವಾಗ ಏಳು. ಅಷ್ಟರಲ್ಲಿ ಮೇಸ್ತ್ರಿ ಅಡುಗೆಮನೆಯ ಬಾಗಿಲಿಗೆ ನೀಲಿ ಪ್ಲಾಸ್ಟಿಕ್ ಕಟ್ಟಿ ಹೋಗಿರುತ್ತಿದ್ದ. "ಸಿಮೆಂಟು ಹಸಿ ಇದೆ, ಯಾರೂ ಒಳಗೆ ಹೋಗಬಾರದಂತೆ" ಎಂದು ಅತ್ತೆ ಕುರ್ಚಿ ಹಾಕಿಕೊಂಡು ಕಾವಲು ಕೂತಿರುತ್ತಿದ್ದರು. ಇವಳೂ ನಂಬಿದಳು. ನಂಬಿದ್ದೇ ತಪ್ಪು.

ಮೂರನೆಯ ವಾರ ಮುಗಿಯುತ್ತಿದ್ದಾಗ ಒಂದು ಸಂಜೆ ಪ್ಲಾಸ್ಟಿಕ್ ಬಿಚ್ಚಿತ್ತು. ಕಪ್ಪು ಕಲ್ಲಿನ ಕಟ್ಟೆ ಥಳಥಳ ಹೊಳೆಯುತ್ತಿತ್ತು. ಗಂಡ, ಅತ್ತೆ, ಮಗಳು ಮೂವರೂ ನಡುಮನೆಯಲ್ಲಿ ನಿಂತು, ಇವಳು ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದರು. ಇವಳು ಧೂಳು ತುಳಿದುಕೊಂಡು ಒಳಗೆ ಹೋಗಿ ಕಟ್ಟೆಯ ಎದುರು ನಿಂತಳು. ಕಲ್ಲಿನ ಅಂಚು ಎದೆಗೆ ಬಂತು. ಬ್ಯಾಗಿನಿಂದ ಟೇಪು ತೆಗೆದು ಹಿಡಿದಳು. ಮೂವತ್ತೆಂಟು ಇಂಚು. ಹಳೆಯದಕ್ಕಿಂತ ಒಂದು ಇಂಚು ಎತ್ತರವೇ.

"ಇದು ಯಾರ ಎತ್ತರ?" ಎಂದಳು.

ಗಂಡ ಗೋಡೆಯ ಹೊಸ ಸ್ವಿಚ್ಚನ್ನು ಒತ್ತಿ ನೋಡಿದ.

"ನಾನು ಕೇಳ್ತಿದೀನಿ. ಇದು ಯಾರ ಎತ್ತರ?"

ಮಗಳು ಬಾಯಿಬಿಟ್ಟಳು. "ಅಜ್ಜಿನ ನಿಲ್ಲಿಸಿ ಅಳತೆ ತಗೊಂಡ್ರಮ್ಮ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಅಂತ ಮೇಸ್ತ್ರಿ ಗೋಡೆ ಮೇಲೆ ಗೆರೆ ಎಳೆದ. ನಾನು ಆಗಷ್ಟೇ ಬಂದೆ. ನಿನಗೂ ಗೊತ್ತಿದೆ ಅಂದ್ಕೊಂಡೆ."

"ಮನೆ ಹೆಂಗಸರನ್ನ ಕರೀರಿ ಅಂದ ಮೇಸ್ತ್ರಿ" ಎಂದ ಗಂಡ. "ನೀನು ಅಂಗಡೀಲಿದ್ದೆ. ಅಮ್ಮ ಇದ್ರು, ಕರೆದೆ. ಹೆಂಗಸರು ಅಂದ್ರೆ ಹೆಂಗಸರು ತಾನೆ? ಅದರಲ್ಲೇನು..."

"ಹೆಂಗಸರು ಅಂದ್ರೆ ಹೆಂಗಸರು! ನಿಮ್ಮ ಪ್ಯಾಂಟು ಪಕ್ಕದ್ಮನೆ ಗಂಡಸಿನ ಅಳತೆಗೆ ಹೊಲಿದು ಕೊಡ್ಲಾ? ಗಂಡಸರು ಅಂದ್ರೆ ಗಂಡಸರು ತಾನೆ?"

"ಅವಸರದಲ್ಲಿ ಆಗೋಯ್ತು ಕಣೇ. ಅಡುಗೆಮನೆ ಅಂದ ತಕ್ಷಣ ನನಗೆ ಅಮ್ಮನೇ ತಲೆಗೆ ಬಂದಿದ್ದು."

"ಅತ್ತೆ ಒಲೆ ಮುಂದೆ ನಿಂತು ಎಂಟು ವರ್ಷ ಆಯ್ತು. ಎಂಟು ವರ್ಷ ನೀವು ಉಂಡಿದ್ದು ಯಾರ ಕೈದು?"

"ಈಗ ಕಲ್ಲು ಕೂರಿಸಿ ಆಗಿದೆ. ಪೈಪು, ಸಿಂಕು ಎಲ್ಲಾ ಆಗಿದೆ. ಒಡೆಯೋಕಾಗುತ್ತಾ? ಒಂದು ಮಣೆ ಹಾಕ್ಕೊಂಡ್ರಾಯ್ತಪ್ಪ, ಇಷ್ಟು ವರ್ಷ ಹಾಕ್ಕೊಂಡಿರಲಿಲ್ವಾ?"

ಟೈಲರಮ್ಮ ಟೇಪನ್ನು ಕಟ್ಟೆಯ ಮೇಲೆ ಎಸೆದಳು. "ನಾನು ಅಳತೆ ತಪ್ಪಿದ್ರೆ ಬಿಚ್ಚಿ ಹೊಲಿತೀನಿ. ನನ್ನ ಬಟ್ಟೆ, ನನ್ನ ದಾರ, ನನ್ನ ಕೂಲಿ. ಗಿರಾಕಿಗೆ ಸ್ವಲ್ಪ ಬೆಳೆದುಬಿಡಿ ಅನ್ನಲ್ಲ!"

"ಮಾತು ಜಾಸ್ತಿ ಆಯ್ತು" ಎಂದರು ಅತ್ತೆ ಕುರ್ಚಿಯಿಂದ. "ಈ ಮನೇಲಿ ಮೂವತ್ತು ವರ್ಷ ಬೇಯಿಸಿ ಹಾಕಿದೀನಿ. ನನ್ನ ಅಳತೆ ತಗೊಂಡ್ರೆ ಯಾವ ಮಹಾಪರಾಧ?"

"ಗೆರೆ ಎಳೀವಾಗ ನಿಮಗೆ ಗೊತ್ತಿತ್ತಾ, ಇಲ್ವಾ?"

ಅತ್ತೆ ಕಿಟಕಿಯ ಕಡೆ ನೋಡಿದರು. ಗೊತ್ತಿತ್ತು.

"ಒಡೆದು ಕಟ್ಟಿಸಿ" ಎಂದಳು ಇವಳು ಗಂಡನಿಗೆ.

"ಹುಚ್ಚಾ ನಿನಗೆ? ಆಗಲ್ಲ."

ಬೆಳಗ್ಗೆ ಗಂಡ ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಟೈಲರಮ್ಮ ಇಂಡಕ್ಷನ್ನಿನ ಪ್ಲಗ್ಗು ಕಿತ್ತು ವೈರು ಸುತ್ತಿದ್ದಳು. ಒಲೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು, ಕುಕ್ಕರು ಚೀಲಕ್ಕೆ ಹಾಕಿದಳು.

"ಎಲ್ಲಿಗೆ?" ಎಂದ ಗಂಡ, ತಲೆ ಒರೆಸಿಕೊಳ್ಳುತ್ತ.

"ಅಂಗಡಿಗೆ. ನನ್ನ ಅಳತೆಗೆ ಅಂತಲೇ ನಾನು ಮಾಡಿಸಿದ ಮೇಜು ಅದೊಂದೇ. ನಾನು ಅಲ್ಲೇ ಬೇಯಿಸ್ಕೋತೀನಿ. ಇಲ್ಲಿ ನಿಮ್ಮ ಹೊಸ ಕಟ್ಟೆ ಇದೆಯಲ್ಲ, ಪೂಜೆ ಮಾಡ್ಕೊಳ್ಳಿ."

"ಮುನಿಸ್ಕೊಂಡು ತವರಿಗೆ ಹೋದ ಸೊಸೆಯರನ್ನ ನೋಡಿದೀನಿ" ಎಂದರು ಅತ್ತೆ. "ಒಲೆ ಎತ್ಕೊಂಡು ಹೋಗೋಳನ್ನ ಇವತ್ತೇ ನೋಡ್ತಿರೋದು!"

"ಇಷ್ಟು ದಿನ ಎತ್ತೋಕಾಗೋ ಒಲೆ ಇರಲಿಲ್ಲ ಅತ್ತೆ, ಅದಕ್ಕೇ ನೋಡಿಲ್ಲ."

ರಾತ್ರಿ ಮಲಗಲು ಅವಳು ಮನೆಗೆ ಬರುತ್ತಿದ್ದಳು. ಬಟ್ಟೆ ಒಗೆಯುತ್ತಿದ್ದಳು, ಕಸ ಗುಡಿಸುತ್ತಿದ್ದಳು. ಒಲೆ ಮಾತ್ರ ಅಂಗಡಿಯಲ್ಲಿ ಬೀಗದೊಳಗೆ ಇರುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣುವುದಕ್ಕೇ ಇಲ್ಲದಿದ್ದರೆ ಜಗಳ ಮುಗಿಯುವುದು ಹೇಗೆ?

ಮನೆಯ ವರದಿ ದಿನಾ ಮಧ್ಯಾಹ್ನ ಮಗಳ ಬಾಯಿಂದ ಬರುತ್ತಿತ್ತು. ಕಾಲೇಜು ಮುಗಿಸಿ ಅವಳು ಸೀದಾ ಅಂಗಡಿಗೆ ಬಂದು ಬಟ್ಟೆಯ ಗಂಟಿನ ಮೇಲೆ ಕೂತು ತಟ್ಟೆ ಹಿಡಿಯುತ್ತಿದ್ದಳು.

"ಅಪ್ಪ ಹೋಟೆಲಿಂದ ತಂದ್ರು. ಅಜ್ಜಿಗೆ ಖಾರ ಆಗಿ ರಾತ್ರಿಯೆಲ್ಲ ಹೊಟ್ಟೆ ಕೆಟ್ಟಿತ್ತು."

ಮಾರನೆಯ ದಿನ, "ಬ್ರೆಡ್ಡು. ಮೂರು ಹೊತ್ತೂ ಬ್ರೆಡ್ಡು."

ಅದರ ಮಾರನೆಯ ದಿನ ಮಗಳು ಬಾಗಿಲಿಂದಲೇ ನಗುತ್ತ ಬಂದಳು. "ಅಪ್ಪ ಮಂಚದ ಕೆಳಗಿಂದ ಗ್ಯಾಸ್ ಒಲೆ ತೆಗೆದು ಹೊಸ ಕಟ್ಟೆ ಮೇಲೆ ಕೂರಿಸಿದ್ರು. ನೋಡಮ್ಮ, ಇನ್ನು ನಿಮ್ಮಮ್ಮನ ಹಂಗು ನಮಗಿಲ್ಲ ಅಂದ್ರು ನನ್ನ ಹತ್ರ. ಆಮೇಲೆ ಅಜ್ಜಿ ನಿಂತ್ಕೊಂಡ್ರು. ಐದು ನಿಮಿಷಕ್ಕೆ ಕಾಲು ನಡುಗೋಕೆ ಶುರುವಾಯ್ತು, ನಾನೇ ಹಿಡ್ಕೊಂಡು ಕೂರಿಸಿದೆ."

"ಮತ್ತೆ?"

"ಮತ್ತೇನು, ಅಪ್ಪನೇ ಮಾಡಿದ್ರು. ಅನ್ನ ತಳ ಹಿಡೀತು, ತರಕಾರಿ ಬೇಯಲಿಲ್ಲ. ಆದರೆ ಅಮ್ಮ, ಆ ಕಟ್ಟೆ ಅಪ್ಪನಿಗೆ ಹೇಳಿ ಮಾಡಿಸಿದ ಹಾಗಿದೆ. ಮೊಣಕೈ ಎಷ್ಟು ಸರಿಯಾಗಿ ಬರುತ್ತೆ ಗೊತ್ತಾ!"

"ಬರಲೇಬೇಕು, ತಾಯಿಯ ಎತ್ತರವೇ ಮಗನಿಗೆ" ಎಂದಳು ಟೈಲರಮ್ಮ. "ಮಾಡಿದ್ದುಣ್ಣೋ ಮಹಾರಾಯ."

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಕತ್ತರಿ ಹಿಡಿದ ಕೈ ಜೋರಾಗಿ ಓಡಿ ಒಂದು ಕಾಲರ್ ಹಾಳಾಯಿತು. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದು, ಇವಳು ಎಷ್ಟು ಎತ್ತರ ಎಂದು ಗಂಡನಿಗೆ ಗೊತ್ತಿಲ್ಲ. ಇವಳಿಗೆ ಅವನ ತೋಳು, ಎದೆ, ಸೊಂಟ, ಕುತ್ತಿಗೆ ಎಲ್ಲದರ ಇಂಚು ಬಾಯಿಪಾಠ. ಅದನ್ನು ನೆನೆದಷ್ಟೂ ಮೈ ಉರಿಯಿತು.

ಐದನೆಯ ದಿನ ಅತ್ತೆಯೇ ಬಂದರು. ಮೂರು ಬೀದಿ, ಕೊಡೆಯನ್ನೇ ಊರುಗೋಲು ಮಾಡಿಕೊಂಡು, ದಾರಿಯಲ್ಲಿ ಎರಡು ಕಡೆ ಯಾರದೋ ಮೆಟ್ಟಿಲ ಮೇಲೆ ಕೂತು ಎದ್ದು. ಅಂಗಡಿಯಲ್ಲಿ ಅಳತೆ ಕೊಡಲು ಬಂದ ಒಬ್ಬ ಟೀಚರಮ್ಮ ಎರಡೂ ತೋಳು ಚಾಚಿಕೊಂಡು ನಿಂತಿದ್ದಳು.

"ಒಲೆ ಕೊಡೇ" ಎಂದರು ಅತ್ತೆ, ಮುನ್ನುಡಿ ಇಲ್ಲದೆ.

"ಕೊಡಲ್ಲ."

"ಮನೇ ಮಾನ ಬೀದೀಲಿ ಹರಾಜು ಹಾಕಿದೀಯ. ಸೊಸೆ ಅಂಗಡೀಲಿ ಬೇಯಿಸ್ತಾಳೆ, ಮಗ ಮನೇಲಿ ಸುಡ್ತಾನೆ ಅಂತ ಬೀದಿಯೆಲ್ಲ ನಗ್ತಿದೆ."

"ನಗಲಿ. ನನ್ನ ಭುಜ ಹೋದ್ರೆ ಬೀದಿ ಬಂದು ಹೊಲಿಯಲ್ಲ."

ಟೀಚರಮ್ಮ ತೋಳು ಇಳಿಸಿ, "ನಾನು ನಾಳೆ ಬರ್ತೀನಿ" ಎಂದು ನಿಧಾನಕ್ಕೆ ಜಾಗ ಖಾಲಿ ಮಾಡಿದಳು.

ಅತ್ತೆ ಸ್ಟೂಲಿನ ಮೇಲೆ ಕುಸಿದರು. ಐದು ದಿನಕ್ಕೆ ಮುಖ ಇಳಿದುಹೋಗಿತ್ತು. ಕುಕ್ಕರಿನಲ್ಲಿ ಮೆತ್ತಗೆ ಬೆಂದ ಅನ್ನ ಇತ್ತು. ಟೈಲರಮ್ಮ ಏನೂ ಹೇಳದೆ ತಟ್ಟೆಗೆ ಹಾಕಿ, ಹಾಲು ಸುರಿದು ಅವರ ಮುಂದೆ ಕುಕ್ಕಿದಳು. ಪ್ರೀತಿಯಿಂದ ಇಟ್ಟದ್ದಲ್ಲ, ಹಸಿದವರ ಎದುರು ವಾದ ಮಾಡುವುದಕ್ಕೆ ಅವಳಿಗೆ ಬರುತ್ತಿರಲಿಲ್ಲ. ಅತ್ತೆ ಉಂಡರು. ಅರ್ಧ ಉಂಡ ಮೇಲೆ, "ಉಪ್ಪಿಲ್ಲ" ಎಂದರು.

"ನಿಮಗೇ ಅಂತ ಬೇಯಿಸಿದ್ದಲ್ಲ."

ಇನ್ನೆರಡು ತುತ್ತು ಆದ ಮೇಲೆ ಅತ್ತೆ ತಟ್ಟೆ ನೋಡುತ್ತಲೇ ಮಾತಾಡಿದರು. "ಆ ಮೇಸ್ತ್ರಿ, ಅಮ್ಮ ಸ್ವಲ್ಪ ನೆಟ್ಟಗೆ ನಿಲ್ಲಿ ಅಂದ. ನನ್ನನ್ನ ಯಾರಾದ್ರೂ ಒಂದು ಕೆಲಸಕ್ಕೆ ಅಂತ ಕರೆದು ಎಷ್ಟೋ ವರ್ಷ ಆಗಿತ್ತು. ಅಲ್ಲಿ ಕೂರಿ, ಅಲ್ಲೇ ಇರಿ, ಕೈ ಹಾಕಬೇಡಿ, ಇಷ್ಟೇ. ನಿಂತೆ. ನಿನ್ನ ನೆನಪು ಬಂತು. ಬಂದರೂ ಹೇಳಲಿಲ್ಲ."

"ನೆನಪು ಬಂದೂ ಹೇಳಲಿಲ್ಲ."

"ಹೌದು ಕಣೇ. ಏನು ಮಾಡ್ಬೇಕೀಗ, ನೇಣು ಹಾಕ್ತೀಯಾ?"

ಟೈಲರಮ್ಮನಿಗೆ ಅಯ್ಯೋ ಅನಿಸಿತು, ಅದರ ಹಿಂದೆಯೇ ಸಿಟ್ಟು ಇನ್ನೂ ಜೋರಾಗಿ ಬಂತು. "ನಿಮ್ಮನ್ನ ನಿಲ್ಲಿಸಿ ಅಳೀಬೇಕಿತ್ತು ಅಂದ್ರೆ ನನಗೆ ಹೇಳಿ, ನಾನೇ ಅಳೆದು ನಿಮಗೊಂದು ಒಳ್ಳೇ ಬಟ್ಟೆ ಹೊಲಿದು ಕೊಡ್ತೀನಿ. ಆದರೆ ನಿಲ್ಲೋಳು ನಾನಾದ್ರೆ ಅಳತೆ ನಂದೇ ಇರಬೇಕು. ಐದು ನಿಮಿಷ ನಿಮ್ಮ ಕಾಲು ನಡುಗಿತಲ್ಲ? ನನಗೆ ಹತ್ತೊಂಬತ್ತು ವರ್ಷ ಮಣೆ ಮೇಲೆ ನಡುಗಿದೆ. ಹೋಗಿ ನಿಮ್ಮ ಮಗನಿಗೆ ಹೇಳಿ."

"ನಾನ್ಯಾಕೆ ಹೇಳ್ಲಿ? ನಿನಗೆ ಬಾಯಿಲ್ವಾ?"

"ನನ್ನ ಬಾಯಿ ಅವರಿಗೆ ಕೇಳಿಸಲ್ಲ."

ಅತ್ತೆ ತಟ್ಟೆ ಖಾಲಿ ಮಾಡಿ, ಕೊಡೆ ಊರಿಕೊಂಡು ಎದ್ದರು. ಕೊಡಲ್ಲ ಎಂದ ಒಲೆಯನ್ನು ಮತ್ತೆ ಕೇಳಲಿಲ್ಲ.

ಮನೆಯಲ್ಲಿ ಏನು ನಡೆಯಿತೋ, ಮಗಳಿಗೂ ಪೂರ್ತಿ ಗೊತ್ತಾಗಲಿಲ್ಲ. ಅಜ್ಜಿ ಜೋರಾಗಿ ಕೂಗಿದರು, ಅಪ್ಪ ಪಾತ್ರೆ ಎಸೆದರು, ಕೊನೆಗೆ ಅಜ್ಜಿ "ಈ ಸುಟ್ಟ ಅನ್ನ ತಿಂದು ಸಾಯೋ ವಯಸ್ಸಲ್ಲ ನಂದು, ಹಸಿದು ಸಾಯ್ತೀನಿ ಬಿಡು" ಎಂದು ಊಟ ಬಿಟ್ಟು ಮಲಗಿದರು, ಇಷ್ಟೇ ವರದಿ. ಭಾನುವಾರ ಬೆಳಗ್ಗೆ ಮೇಸ್ತ್ರಿ ಬಂದ. ಬಂದವನು ಕಟ್ಟೆಯನ್ನೂ ಗಂಡನ ಮುಖವನ್ನೂ ನೋಡಿ ತಲೆ ಕೆರೆದುಕೊಂಡ.

"ಒಡೆಯೋದು ದೊಡ್ಡ ವಿಷಯ ಅಲ್ಲಮ್ಮ. ಕಲ್ಲು ಹುಷಾರಾಗಿ ಎತ್ತಿದ್ರೆ ಅದನ್ನೇ ಕೂರಿಸಬಹುದು. ಪೈಪು ಮಾತ್ರ ಹೊಸದಾಗಿ ಎಳೀಬೇಕು. ಆದರೂ ಯಜಮಾನ್ರು ಒಂದು ಮಾತು..."

"ಒಡಿ" ಎಂದ ಗಂಡ, ಗೋಡೆ ನೋಡುತ್ತ.

"ಎಷ್ಟು ಎತ್ತರಕ್ಕೆ ಸಾರ್?"

ಗಂಡನಿಗೆ ಅದು ಗೊತ್ತಿದ್ದರೆ ತಾನೆ! ಹೆಂಡತಿಯ ಕಡೆ ತಿರುಗಿ, "ಎಷ್ಟೇ ನೀನು?" ಎಂದ.

ಅವಳಿಗೆ ತನ್ನ ಇಂಚು ಗೊತ್ತಿಲ್ಲದೆ ಏನು? ಹೇಳಲಿಲ್ಲ. ಮೇಸ್ತ್ರಿಯ ಕೈಯಿಂದ ಟೇಪು ತೆಗೆದುಕೊಂಡು ಗಂಡನ ಕೈಗೆ ಇಟ್ಟಳು. "ಅಳೀರಿ."

"ಮೇಸ್ತ್ರಿ ಇದಾನಲ್ಲ..."

"ನೀವು ಅಳೀರಿ."

ಸಿಮೆಂಟಿನ ಧೂಳಿನಲ್ಲಿ ಅವನು ಮಂಡಿ ಊರಿದ. ಟೇಪಿನ ತುದಿ ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಲಕ್ಕೆ ಎಳೆದು ಅವಳ ಮೊಣಕೈ ಹುಡುಕಿದ. ಅವಳು ಬಾಗಲಿಲ್ಲ, ನೆಟ್ಟಗಾಗಲೂ ಇಲ್ಲ. ದಿನಾ ಹೇಗೆ ನಿಲ್ಲುತ್ತಾಳೋ ಹಾಗೆ ನಿಂತಳು.

"ಮೂವತ್ತೈದು" ಎಂದು ಗೊಣಗಿದ.

"ಚಪ್ಪಲಿ ಬಿಚ್ಚಿಸೋ!" ನಡುಮನೆಯ ಕುರ್ಚಿಯಿಂದ ಅತ್ತೆಯ ಗಂಟಲು ಮೊಳಗಿತು. "ಧೂಳು ಅಂತ ಹಾಕ್ಕೊಂಡಿರ್ತಾಳೆ, ನೋಡು! ಅವತ್ತು ನನ್ನದೂ ಬಿಚ್ಚಿಸಲಿಲ್ಲ ನೀನು, ದಡ್ಡ ಮುಂಡೇದೇ!"

ಟೈಲರಮ್ಮ ಕೆಳಗೆ ನೋಡಿಕೊಂಡಳು. ಹಾಕಿಕೊಂಡಿದ್ದಳು. ಎರಡನ್ನೂ ಬಿಚ್ಚಿ ಕಾಲಿನಿಂದ ಪಕ್ಕಕ್ಕೆ ಸರಿಸಿ, ಬರಿಗಾಲಲ್ಲಿ ಒರಟು ನೆಲದ ಮೇಲೆ ನಿಂತಳು.

"ಮತ್ತೆ ಅಳೀರಿ."

ಅವನು ಮತ್ತೆ ಅಳೆದ. "ಮೂವತ್ನಾಲ್ಕು."

"ಕೇಳಿಸಲಿಲ್ಲ."

"ಮೂವತ್ನಾಲ್ಕು ಅಂದ್ನಲ್ಲ."

"ನಡುಮನೆಗೆ ಕೇಳಿಸೋ ಹಾಗೆ ಹೇಳಿ."

ಗಂಡ ಮಂಡಿಯ ಮೇಲಿದ್ದುಕೊಂಡೇ ತಲೆ ಎತ್ತಿದ. ಅವಳ ಮುಖ ಅವನಿಗಿಂತ ಎಷ್ಟೋ ಮೇಲಿತ್ತು. ಅಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ.

"ಮೂವತ್ನಾಲ್ಕು!" ಎಂದು ಕೂಗಿದ.

ಮೇಸ್ತ್ರಿ ನಾಲ್ಕು ಬೆರಳು ಕಳೆದು ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಸುತ್ತಿಗೆ ಎತ್ತಿಕೊಂಡ.